ತೋಟದ ಕಸವು ತೋಟಕ್ಕೇ ಸಲ್ಲತಕ್ಕದ್ದು

ತುಮಕೂರು, ಹಾಸನ ಜಿಲ್ಲೆಗಳ ಅನೇಕ ತೆಂಗಿನ ತೋಟಗಳಲ್ಲಿ, ಬೇಸಗೆ ಬಂತೆಂದರೆ ಒಣಗರಿಯ ರಾಶಿಗೆ ಬೆಂಕಿಯಿಡುವುದೂ, ಕಾಯಿಯ ಮಟ್ಟೆಯನ್ನು ಲಾರಿಗೆ ತುಂಬಿ ಮಾರುವುದೂ ವಾಡಿಕೆಯಾಗಿದೆ. ತೋಟವು ಚೊಕ್ಕಟವಾಯಿತೆಂದೂ, ನಾಲ್ಕು ಕಾಸು ಕೈಸೇರಿತೆಂದೂ ಯಜಮಾನರು ಸಂತೋಷಪಡುವರು. ಇದು ಲಾಭವಲ್ಲ, ನಷ್ಟದ ಬಾಬೆಂದು ನನ್ನ ಅಭಿಪ್ರಾಯ.

ಮಣ್ಣಿಗೆ ಜೀವವನ್ನು ಕೊಡುವುದು ಅದರಲ್ಲಿ ಕೊಳೆತು ಬೆರೆತಿರುವ ಸೇಂದ್ರಿಯ ಪದಾರ್ಥ. ನೀರನ್ನು ಹಿಡಿದಿಡುವುದೂ, ಮಣ್ಣನ್ನು ಹುಡಿಯಾಗಿರಿಸುವುದೂ, ಹಾಕಿದ ಗೊಬ್ಬರವು ಕೊಚ್ಚಿಹೋಗದಂತೆ ತಡೆಯುವುದೂ ಅದೇ. ಮಣ್ಣು ಪರೀಕ್ಷೆಯ ಪತ್ರದಲ್ಲಿ ಸಾವಯವ ಇಂಗಾಲವು ನೂರಕ್ಕೆ 0.5ಕ್ಕಿಂತ ಕಡಮೆಯಿದ್ದರೆ, ಆ ಭೂಮಿಯಲ್ಲಿ ಈ ಪದಾರ್ಥದ ಕೊರತೆಯಿದೆಯೆಂದು ತಿಳಿಯಬೇಕು. ನಮ್ಮ ಸೀಮೆಯ ಬಿಸಿಲಿಗೆ ಅದು ಬೇಗನೆ ಕರಗುವುದು. ಒಂದು ಎಕರೆಯ ಮೇಲ್ಮಣ್ಣು 6 ಅಂಗುಲ ಆಳಕ್ಕೆ ಸುಮಾರು 9 ಲಕ್ಷ ಕಿಲೋಗ್ರಾಂ ತೂಗುವುದಾದ್ದರಿಂದ, ಸೇಂದ್ರಿಯ ಪದಾರ್ಥವನ್ನು ನೂರಕ್ಕೆ 1ರಷ್ಟು ಹೆಚ್ಚಿಸಲು ಸುಮಾರು 9,000 ಕಿಲೋಗ್ರಾಂ ಅಲ್ಲಿಯೇ ಉಳಿದು ನಿಲ್ಲಬೇಕು. ಒಂದು ವರ್ಷ ನಾಲ್ಕು ಗಾಡಿ ಗೊಬ್ಬರ ಹೊಡೆಸಿ ಸುಮ್ಮನಾದರೆ ಇದು ಕೈಗೂಡದು. ವರ್ಷವರ್ಷವೂ ನಡೆಯತಕ್ಕ ಕೆಲಸವಿದು.

ಬೂದಿಯೂ ಗೊಬ್ಬರವಲ್ಲವೇ ಎಂದು ಕೆಲವರು ಕೇಳುವರು. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ. ಆದರೆ ಇಂಗಾಲವೂ ಸಾರಜನಕವೂ ಹೊಗೆಯೊಡನೆ ಹೋಗುವುವು. ಮಟ್ಟೆಯಲ್ಲಿಯೂ ಪೊಟ್ಯಾಷ್ ವಿಶೇಷವಾಗಿರುವುದು. ಅದನ್ನು ಮಾರಿ, ಪರದೇಶದಿಂದ ಬಂದ ಪೊಟ್ಯಾಷ್ ಮೂಟೆಯನ್ನು ಕೊಳ್ಳುವುದು, ಕಣಜದ ರಾಗಿಯನ್ನು ಮಾರಿ ಪೇಟೆಯ ಹಿಟ್ಟನ್ನು ತಂದಂತೆ.

ಮುಂಗಾರಿನ ಆರಂಭದಲ್ಲಿ ಮರದ ಬುಡದಿಂದ 6 ಅಡಿ ದೂರದಲ್ಲಿ ಸುತ್ತಲೂ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆಸಿ, ಮಟ್ಟೆಗಳನ್ನು ಒಳಮೈ ಮೇಲಾಗುವಂತೆ ಜೋಡಿಸಿ, ಪ್ರತಿ ವರಸೆಗೂ ಮಣ್ಣು ಮುಚ್ಚಿಸಬೇಕು. ಇದರ ಫಲವು 5ರಿಂದ 7 ವರ್ಷ ನಿಲ್ಲುವುದು. ಗರಿಗಳನ್ನು ತುಂಡುಮಾಡಿಸಿ, ಸೆಗಣಿಯ ಬಗ್ಗಡದೊಡನೆ ಗುಂಡಿಯಲ್ಲಿ ಕೊಳೆಯಿಸತಕ್ಕದ್ದು. ಇಂತಹ ಗುಂಡಿಯಲ್ಲಿ ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯು ಮೊಟ್ಟೆಯಿಡುವುದುಂಟು. ಆಗಾಗ್ಗೆ ಗೊಬ್ಬರವನ್ನು ತಿರುವಿಸಿ ಹುಳುಗಳನ್ನು ಆರಿಸಿ ಕೊಲ್ಲಿಸಬೇಕೇ ಹೊರತು, ಅದೇ ನೆವದಿಂದ ಗರಿಗೆ ಬೆಂಕಿಯಿಡಲಾಗದು.

ಕೂಲಿಯ ಖರ್ಚು ಹೆಚ್ಚೆಂಬ ಮಾತು ಸುಳ್ಳಲ್ಲ. ಆದರೆ ಎಲ್ಲ ಮರಗಳಿಗೂ ಒಂದೇ ವರ್ಷ ಮಾಡಿಸಬೇಕೆಂಬ ನಿರ್ಬಂಧವಿಲ್ಲ. ವರ್ಷಕ್ಕೆ ಐದರಲ್ಲೊಂದು ಪಾಲು ಮರಗಳಿಗೆ ಮಾಡಿಸಿದರೆ ಐದು ವರ್ಷಗಳಲ್ಲಿ ತೋಟವೆಲ್ಲ ಮುಗಿಯುವುದು. ಅಷ್ಟರಲ್ಲಿ ಮೊದಲಿನ ಮರಗಳ ಸರದಿ ಮತ್ತೆ ಬರುವುದು.

ಗ್ರಾಮದ ಮುಖಂಡರೂ ದೊಡ್ಡ ಜಮೀನುದಾರರೂ ತಮ್ಮ ತೋಟಗಳಲ್ಲಿ ಮೊದಲು ಬೆಂಕಿಯನ್ನು ನಿಲ್ಲಿಸಲಿ. ಸಣ್ಣ ಹಿಡುವಳಿಯವರು ಇಲಾಖೆಯ ಉಪದೇಶಕ್ಕಿಂತ ನೆರೆಯ ತೋಟದ ಫಸಲನ್ನು ನೋಡಿಯೇ ಕಲಿಯುವರು.