ಅಲಂಕಾರದಾಚೆಯ ರೂಪಕ: ಬದುಕಿನ ಸಂಕಟ ಮತ್ತು ಕನ್ನಡ ಪಾಠ

ಕನ್ನಡ ತರಗತಿಗಳಲ್ಲಿ ರೂಪಕದ ಪಾಠವು ಉಪಮೇಯ ಉಪಮಾನಗಳ ಅಭೇದವೆಂಬ ಲಕ್ಷಣದಿಂದ ಆರಂಭವಾಗಿ ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ. ಲಕ್ಷಣ, ಲಕ್ಷ್ಯ, ಸಮನ್ವಯ ಎಂಬ ಮೂರು ಮೆಟ್ಟಿಲು ಹತ್ತಿದರೆ ವಿದ್ಯಾರ್ಥಿಗೆ ಅಂಕ ದೊರೆಯುತ್ತದೆ. ಈ ಕ್ರಮಕ್ಕೆ ದೀರ್ಘ ಪರಂಪರೆಯಿದೆ. ದಂಡಿಯ ಕಾವ್ಯಾದರ್ಶಕ್ಕೆ ಬಹಳಷ್ಟು ಋಣಿಯಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಅಲಂಕಾರಗಳನ್ನು ವಿವೇಚಿಸಿತು. ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ಅದೇ ಗ್ರಂಥ ಕೊಪಣವನ್ನು, ಎಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿತು. ಆದರೆ ಈ ನಾಡಿನ ಜನ ರೂಪಕವನ್ನು ಮಾತಿನ ಶೋಭೆಗಾಗಿ ಮಾತ್ರ ಬಳಸಿದವರಲ್ಲ. ತಮ್ಮ ಸಂಕಟವನ್ನು ತಿರುಗಿಸಿ ನೋಡಲಿಕ್ಕೂ ಬಳಸಿದವರು. ಈ ಎರಡನೆಯ ಬಳಕೆ ಪಾಠಕ್ರಮದ ಹೊರಗೆ ಉಳಿದಿರುವುದು ಸಣ್ಣ ಲೋಪವಲ್ಲ.

ಹಿಂದೆ ಗಂಗಾವತಿ ತಾಲ್ಲೂಕಿಗೂ ಈಗ ಕಾರಟಗಿ ತಾಲ್ಲೂಕಿಗೂ ಸೇರಿದ ಸಿದ್ದಾಪುರದ ಸುತ್ತಲಿನ ಸೀಮೆಯನ್ನು ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇಲ್ಲಿಯ ನೆಲವನ್ನು ಭತ್ತದ ಗದ್ದೆಯಾಗಿಸಿತು. ಬೀಜ, ಗೊಬ್ಬರ, ಔಷಧಿ, ಕೂಲಿಗಳಿಗೆ ಮೊದಲೇ ಹಣ ಸುರಿಯಬೇಕಾದ ಈ ಬೆಳೆಯೊಂದಿಗೆ ಸಾಲವೂ ಒಳಬಂದಿತು. ಸಾಲ ತೀರಿಸಲಾಗದೆ ರೈತನೊಬ್ಬ ಪ್ರಾಣ ಬಿಟ್ಟಾಗ ಕನ್ನಡ ಪತ್ರಿಕೆಗಳು ಮತ್ತೆ ಮತ್ತೆ ಬಳಸುವ ಮಾತು ‘ಸಾಲದ ಶೂಲ’. ಓದುಗರು ಇದನ್ನು ರೂಪಕವೆಂದು ಗಮನಿಸುವುದೂ ಇಲ್ಲ. ಆದರೆ ಶೂಲವು ಅಪರಾಧಿಗೆ ವಿಧಿಸುವ ಶಿಕ್ಷೆ. ಅದನ್ನು ಏರಿದವನು ಒಂಟಿ. ಅವನಿಗೆ ಇಳಿಯುವ ದಾರಿಯಿಲ್ಲ, ಕಾಯುವ ಅವಧಿಯಿಲ್ಲ. ಸಾಲವನ್ನು ಶೂಲವೆಂದು ಕರೆದ ಭಾಷೆ ಕೊನೆಯನ್ನೂ ಮೊದಲೇ ನುಡಿದುಬಿಟ್ಟಿರುತ್ತದೆ.

ಅದೇ ಕನ್ನಡದಲ್ಲಿ ‘ಸಾಲದ ಹೊರೆ’ ಎಂಬ ಮಾತೂ ಇದೆ. ಹೊರೆಗೆ ತೂಕವಿದೆ, ಆದ್ದರಿಂದ ಅದನ್ನು ಅಳೆಯಬಹುದು. ಇನ್ನೊಬ್ಬರು ಹೆಗಲು ಕೊಡಬಹುದು. ತಲೆಹೊರೆಯವರು ಭಾರ ಇಳಿಸಿ ದಣಿವಾರಿಸಿಕೊಳ್ಳಲೆಂದೇ ಹಿಂದಿನವರು ದಾರಿಯ ಬದಿಯಲ್ಲಿ ಹೊರೆಗಲ್ಲು ನಿಲ್ಲಿಸಿದ್ದರು. ಕಾಲುವೆಯ ರೂಪಕ ತಂದರೆ ಪ್ರಶ್ನೆಗಳು ಮತ್ತೂ ಬೇರೆಯಾಗುತ್ತವೆ. ಕೊನೆಯಂಚಿನ ಗದ್ದೆಗೆ ನೀರು ಮುಟ್ಟದಿದ್ದರೆ ಯಾರೂ ಗದ್ದೆಯನ್ನು ದೂರುವುದಿಲ್ಲ. ಮೇಲ್ಭಾಗದಲ್ಲಿ ನೀರು ಎಲ್ಲಿ ನಿಂತಿತು, ಸರದಿ ಯಾರದು ಎಂದು ಕೇಳುತ್ತಾರೆ. ತನ್ನನ್ನು ಕೊನೆಯಂಚಿನ ಗದ್ದೆಯೆಂದು ಕಂಡುಕೊಂಡ ಸಾಲಗಾರನು ಯಾವ ಸಾಲ ಮೊದಲು, ಯಾವುದಕ್ಕೆ ಅವಧಿ ಕೇಳಬೇಕು, ಯಾರೊಡನೆ ಕೂಡಿ ಕೇಳಬೇಕು ಎಂದು ಯೋಚಿಸಬಲ್ಲ. ಸಾಲದ ಮೊತ್ತ ಬದಲಾಗಿಲ್ಲ. ಸಾಲಗಾರ ನಿಂತ ಜಾಗ ಬದಲಾಗಿದೆ.

ಕುಟುಂಬದ ಕಲಹಕ್ಕೂ ಇದು ಅನ್ವಯಿಸುತ್ತದೆ. ಸಂಸಾರವು ಸಾಗರವಾದರೆ ಪ್ರತಿಯೊಬ್ಬರೂ ದಾಟಿ ಪಾರಾಗುವುದನ್ನೇ ನೆನೆಯುತ್ತಾರೆ. ಬಂಡಿಯಾದರೆ ಜೋಡೆತ್ತುಗಳ ನಡಿಗೆ, ಹೇರಿನ ತೂಕ, ಕೀಲೆಣ್ಣೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಪಶ್ಚಿಮದಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ಗ್ರಂಥವು ರೂಪಕವು ದಿನನಿತ್ಯದ ಆಲೋಚನೆಯ ರಚನೆಯೇ ಎಂದು ವಾದಿಸಿತು. ಅದಕ್ಕೆ ಒಂದು ವರ್ಷ ಮೊದಲು ಡೊನಾಲ್ಡ್ ಶೋನ್ ಇನ್ನೂ ಉಪಯುಕ್ತವಾದ ಮಾತು ಹೇಳಿದ್ದ: ಕಷ್ಟವಿರುವುದು ಸಮಸ್ಯೆಯನ್ನು ಬಿಡಿಸುವುದರಲ್ಲಿ ಮಾತ್ರವಲ್ಲ, ಅದನ್ನು ರೂಪಿಸಿಕೊಳ್ಳುವುದರಲ್ಲಿ. ಕೃತಕ ಎಳೆಗಳ ಬಣ್ಣದ ಕುಂಚವನ್ನು ಸುಧಾರಿಸಲಾಗದೆ ಸೋತ ಸಂಶೋಧಕರಲ್ಲಿ ಒಬ್ಬನಿಗೆ ಕುಂಚವೂ ಒಂದು ಬಗೆಯ ಪಂಪು ಎಂದು ಹೊಳೆದಾಗ, ಎಲ್ಲರ ಗಮನ ಎಳೆಗಳಿಂದ ಎಳೆಗಳ ನಡುವಿನ ಸಂದಿಗೆ ಹರಿಯಿತೆಂಬುದು ಆತನ ನಿದರ್ಶನ.

ಕನ್ನಡಕ್ಕೆ ಇದು ಹೊಸದಲ್ಲ. ಅಕ್ಕಮಹಾದೇವಿ ಸ್ತುತಿನಿಂದೆಗಳ ಕಷ್ಟವನ್ನು ಮನೆಯ ಪ್ರಶ್ನೆಯಾಗಿ ಮಾರ್ಪಡಿಸುತ್ತಾಳೆ: ಬೆಟ್ಟದಲ್ಲಿ, ಕಡಲ ತಡಿಯಲ್ಲಿ, ಸಂತೆಯಲ್ಲಿ ಮನೆ ಮಾಡಿದವರು ಮೃಗಕ್ಕೆ, ತೆರೆಗೆ, ಶಬ್ದಕ್ಕೆ ಅಂಜಿದರೆ ಹೇಗೆ? ‘ಜನ ಹೀಗೇಕೆ ನಿಂದಿಸುತ್ತಾರೆ’ ಎಂಬ ಉತ್ತರವಿಲ್ಲದ ಪ್ರಶ್ನೆ ‘ಇಲ್ಲಿ ಹೇಗೆ ಬಾಳಬೇಕು’ ಎಂಬ ಉತ್ತರವುಳ್ಳ ಪ್ರಶ್ನೆಯಾಗುತ್ತದೆ. ಕನಕದಾಸರ ರಾಮಧಾನ್ಯಚರಿತೆಯು ಕುಲದ ಅವಮಾನವನ್ನು ಭತ್ತ ಮತ್ತು ರಾಗಿಗಳ ವ್ಯಾಜ್ಯವಾಗಿಸುತ್ತದೆ. ಆರು ತಿಂಗಳ ಸೆರೆಯನ್ನು ತಾಳಿ ಉಳಿಯುವುದು ರಾಗಿ. ಹುಟ್ಟಿನ ಪ್ರಶ್ನೆ ಬಾಳಿಕೆಯ ಪ್ರಶ್ನೆಯಾದ ಕೂಡಲೇ ತೀರ್ಪು ಸಾಧ್ಯವಾಯಿತು. ಒಂದೆಡೆ ನೀರಾವರಿಯ ಭತ್ತ, ಇನ್ನೊಂದೆಡೆ ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯವಿರುವ ಜಿಲ್ಲೆಯ ವಿದ್ಯಾರ್ಥಿಗೆ ಈ ವ್ಯಾಜ್ಯ ಮನೆಯ ಮಾತೇ ಆಗಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ರೂಪಕ ಬದಲಾದರೆ ಬಡ್ಡಿ ಇಳಿಯುವುದೇ? ಇಳಿಯದು. ಕಿರುಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಮಾಡಬೇಕಾದ ಕೆಲಸವನ್ನು ಅಲಂಕಾರಶಾಸ್ತ್ರ ಮಾಡಲಾರದು. ರೂಪಕ ಹಾನಿಯನ್ನೂ ಮಾಡಬಲ್ಲದು. ರೋಗಕ್ಕೆ ಅಂಟಿದ ರೂಪಕಗಳು ರೋಗಿಯನ್ನೇ ತಪ್ಪಿತಸ್ಥನನ್ನಾಗಿಸುವ ಬಗೆಯನ್ನು ಸೂಸಾನ್ ಸೊಂಟಾಗ್ 1978ರಲ್ಲಿಯೇ ತೋರಿಸಿದ್ದಳು. ‘ಹಣೆಬರಹ’ವೂ ಅಂಥದೇ ರೂಪಕ. ಆದರೆ ಈ ಆಕ್ಷೇಪ ರೂಪಕದ ಪಾಠವನ್ನು ದುರ್ಬಲಗೊಳಿಸುವುದಿಲ್ಲ, ಅದರ ಅಗತ್ಯವನ್ನು ಹೆಚ್ಚಿಸುತ್ತದೆ. ಶೂಲದ ಮೇಲಿರುವೆನೆಂದು ನಂಬಿದವನು ಕಾನೂನಿನ ಬಾಗಿಲಿಗೂ ಹೋಗಲಾರ.

ಆದ್ದರಿಂದ ಕನ್ನಡ ಅಧ್ಯಾಪಕರು ಮಾಡಬಹುದಾದ ಕೆಲಸ ಸರಳವಾಗಿದೆ. ಸಾಲ, ಕಾಯಿಲೆ, ಕಲಹ, ಪರೀಕ್ಷೆಯ ಸೋಲು ಇವುಗಳಿಗೆ ಮನೆಯವರು ಆಡುವ ಮಾತುಗಳನ್ನು ವಿದ್ಯಾರ್ಥಿಗಳು ಸಂಗ್ರಹಿಸಲಿ. ಪ್ರತಿ ಮಾತಿನ ಒಳಗಿರುವ ಉಪಮಾನವನ್ನು ಗುರುತಿಸಿ, ಅದು ಯಾವ ಪ್ರಶ್ನೆಯನ್ನು ಕೇಳಿಸುತ್ತದೆ, ಯಾವುದನ್ನು ಅಡಗಿಸುತ್ತದೆ ಎಂದು ಬರೆಯಲಿ. ಬಳಿಕ ಅದೇ ಸಂಕಟಕ್ಕೆ ತಮ್ಮ ಸೀಮೆಯ ಕಸುಬಿನಿಂದ ಇನ್ನೊಂದು ಉಪಮಾನ ಹುಡುಕಲಿ. ಯಾರ ಖಾಸಗಿ ನೋವನ್ನೂ ತರಗತಿಯಲ್ಲಿ ಬಿಚ್ಚಿಡಬೇಕಾಗಿಲ್ಲ. ಮಾತುಗಳ ಪರಿಶೀಲನೆ ಸಾಕು. ಲಕ್ಷಣ, ಲಕ್ಷ್ಯ, ಸಮನ್ವಯಗಳ ಹಳೆಯ ಕ್ರಮವನ್ನೂ ಇದಕ್ಕಾಗಿ ಬಿಡಬೇಕಾಗಿಲ್ಲ. ಲಕ್ಷ್ಯವನ್ನು ಪಠ್ಯದಿಂದ ಮಾತ್ರವಲ್ಲದೆ ಮನೆಯ ಜಗುಲಿಯಿಂದಲೂ ತರುವುದಷ್ಟೇ ಅಗತ್ಯ.