ಸೋಲುವವರ ಜೇಬು ಸಂಪಾದನೆಯ ದಾರಿಯಲ್ಲ

ಆನ್‌ಲೈನ್ ಪೋಕರ್‌ನಲ್ಲಿ ಅನನುಭವಿಗಳನ್ನು ಹುಡುಕಿ ಗೆಲ್ಲುವುದು ಕೌಶಲದ ಸಂಪಾದನೆ ಎಂಬ ವಾದ ಅರ್ಧಸತ್ಯ. ಕೌಶಲವಿರುವುದು ನಿಜ: ಸಣ್ಣ ಜೋಡಿ ಎಲೆ ಹಿಡಿದು ಕೊನೆಯವರೆಗೂ ಪಣ ಸರಿಗಟ್ಟುವವನ ಮುಂದೆ ನುರಿತವನು ಬ್ಲಫ್ ಮಾಡುವುದಿಲ್ಲ, ಒಳ್ಳೆಯ ಎಲೆ ಬಂದಾಗ ಪಣ ಏರಿಸುತ್ತಾನೆ. ಆದರೆ ಈ ಆಟದಲ್ಲಿ ಹೊಸ ಸಂಪತ್ತು ಹುಟ್ಟುವುದಿಲ್ಲ. ಒಬ್ಬನ ಗಳಿಕೆ ಇನ್ನೊಬ್ಬನ ನಷ್ಟ. ನಡುವೆ ಆಟ ನಡೆಸುವ ಸಂಸ್ಥೆ ಕಡಿದುಕೊಳ್ಳುವ ಪಾಲು, ಅಂದರೆ ರೇಕ್, ಬೇರೆ. ಎಲ್ಲರ ಪಣ ಸೇರಿದ 1,000 ರೂಪಾಯಿಯ ಪಾಟ್‌ನಲ್ಲಿ ಶೇ. 5ರಷ್ಟು ಕಡಿತವಾದರೆ ಗೆದ್ದವನಿಗೆ ಸಿಗುವುದು 950. ಹಾಗಾಗಿ ಆಟಗಾರರೆಲ್ಲರ ಒಟ್ಟು ಲೆಕ್ಕ ನಷ್ಟದ್ದೇ. ದುರ್ಬಲರು ಹಣ ಕಳೆದುಕೊಂಡು ಎದ್ದುಹೋದರೆ ನುರಿತವರ ಲಾಭವೂ ಕರಗುತ್ತದೆ. ಅದು ಉಳಿಯಬೇಕಾದರೆ ಹೊಸದಾಗಿ ಸೋಲುವವರು ಬರುತ್ತಲೇ ಇರಬೇಕು. ಆದ್ದರಿಂದ ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ಕೌಶಲ, ಅದೃಷ್ಟ ಎಂದು ಭೇದವೆಣಿಸದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ.