ಅಳೆದು ನೋಡಿ, ಆಮೇಲೆ ಬದಲಿಸಿ



ಭದ್ರಾವತಿ ನ್ಯೂ ಟೌನಿನ ಸುತ್ತಮುತ್ತ ಅಡಿಕೆ, ಭತ್ತ ಬೆಳೆಯುವ ನಿಮ್ಮಲ್ಲಿ ಅನೇಕರ ಅಂಗಳದಲ್ಲಿ ಹತ್ತು-ಹದಿನೈದು ವರ್ಷ ದುಡಿದ ಪಿಕಪ್ ವಾಹನವಿರುತ್ತದೆ. ಗೊಬ್ಬರ ತರುವುದಕ್ಕೂ ಅಡಿಕೆಯನ್ನು ಮಂಡಿಗೆ ಸಾಗಿಸುವುದಕ್ಕೂ ಅದೇ ಆಧಾರ. ಒಂದು ದಿನ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. "ಸೆನ್ಸರ್ ಹೋಗಿದೆ" ಎಂದು ಹೊಸದನ್ನು ಹಾಕಿಸುತ್ತೀರಿ. ಆದರೂ ದೀಪ ಆರುವುದಿಲ್ಲ. ಹಣವೂ ಹೋಯಿತು, ಸುಗ್ಗಿಯ ದಿನವೂ ಹೋಯಿತು.

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂಬುದು ನಿಮಗೆ ತಿಳಿದ ವಿಷಯ. ವಾಹನಕ್ಕೂ ಇದೇ ನಿಯಮ ಅನ್ವಯಿಸಬೇಕು.

ಸ್ಕ್ಯಾನರ್ ತೋರಿಸುವ ಸಂಕೇತ ಸಂಖ್ಯೆಯು ದೋಷ ಯಾವ ವಿದ್ಯುತ್ ಮಾರ್ಗದಲ್ಲಿದೆ ಎಂಬುದನ್ನಷ್ಟೇ ಸೂಚಿಸುತ್ತದೆ. ಆ ಮಾರ್ಗದಲ್ಲಿ ಸೆನ್ಸರ್ ಅಲ್ಲದೆ ಕನೆಕ್ಟರ್ ಮತ್ತು ವೈರುಗಳೂ ಇವೆ. ಇಲಿ ಕಡಿದ ವೈರಿಗೆ, ಮಳೆಗಾಲದ ತೇವದಿಂದ ಕಿಲುಬು ಹಿಡಿದ ಪಿನ್ನಿಗೆ ಹೊಸ ಸೆನ್ಸರ್ ಮದ್ದಲ್ಲ.

ಎಂಜಿನ್ನಿನ ನೀರಿನ ಶಾಖ ಅಳೆಯುವ ಎರಡು ಪಿನ್ನಿನ ಸೆನ್ಸರನ್ನೇ ನೋಡಿ. ಶಾಖ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಕೀ ಆರಿಸಿ, ಕನೆಕ್ಟರ್ ಬಿಡಿಸಿ, ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 2000ದಿಂದ 3000 ಓಮ್ ಇರುತ್ತದೆ. ಕನೆಕ್ಟರ್ ಜೋಡಿಸಿ, ಎಂಜಿನ್ ಚಾಲೂ ಮಾಡಿ ಬಿಸಿಯಾದ ಮೇಲೆ ಆರಿಸಿ ಮತ್ತೆ ಅಳೆಯಿರಿ. 80 ಡಿಗ್ರಿಯ ಆಸುಪಾಸಿನಲ್ಲಿ ಅದು 200ರಿಂದ 400 ಓಮ್‌ಗೆ ಇಳಿದಿರಬೇಕು. ನಿಖರ ಅಂಕಿಗೆ ನಿಮ್ಮ ವಾಹನದ ಕೈಪಿಡಿಯೇ ಪ್ರಮಾಣ. ಅಂಕಿ ಇಳಿಯದಿದ್ದರೆ ಸೆನ್ಸರ್ ಕೆಟ್ಟಿದೆ. ಸರಿಯಾಗಿ ಇಳಿದರೆ ಕೀ ಹಾಕಿ, ಎಂಜಿನ್ ಚಾಲೂ ಮಾಡದೆ, ವೈರಿನ ಕಡೆಯ ಕನೆಕ್ಟರಿನಲ್ಲಿ ವೋಲ್ಟ್ ನೋಡಿ. ಸುಮಾರು 5 ವೋಲ್ಟ್ ಬಾರದಿದ್ದರೆ ತೊಂದರೆ ವೈರಿನ ಕಡೆ ಇದೆ ಎಂದು ತಿಳಿಯಬೇಕು.

"ಇದು ಮೆಕ್ಯಾನಿಕ್ಕಿನ ಕೆಲಸ, ನಮಗೇಕೆ?" ಎಂದು ಕೆಲವರು ಕೇಳಬಹುದು. ರಿಪೇರಿ ಅವರದೇ ಕೆಲಸ. ಆದರೆ ಹಣ ಕೊಡುವವರು ನೀವು. ಅಳತೆ ಬರೆದ ಚೀಟಿಯೊಂದಿಗೆ ಗ್ಯಾರೇಜಿಗೆ ಹೋದರೆ ಒಳ್ಳೆಯ ಮೆಕ್ಯಾನಿಕ್ಕಿನ ಸಮಯವೂ ಉಳಿಯುತ್ತದೆ. ದೀಪವನ್ನು ಲೆಕ್ಕಿಸದೆ ಓಡಿಸುವುದಂತೂ ಬೇಡ. ಶಾಖ ಮಿತಿ ಮೀರಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಎಂಜಿನ್ನೇ ಹಿಡಿದುಕೊಳ್ಳಬಹುದು.

ಮನೆಯ ಪರೀಕ್ಷೆಗೂ ಮಿತಿಯುಂಟು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನಾಗಲಿ ಸೆನ್ಸರನ್ನಾಗಲಿ ಬಿಚ್ಚಬಾರದು. ಕಾಮನ್ ರೈಲ್ ಡೀಸೆಲ್ ಕೊಳವೆಗಳಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡವಿರುತ್ತದೆ, ಅವನ್ನು ಸಡಿಲಿಸಲೇಬಾರದು. ಸೆನ್ಸರಿನ ವೈರುಗಳಿಗೆ ಬಲ್ಬ್ ಹಚ್ಚಿ ನೋಡಿದರೆ ನಿಯಂತ್ರಣ ಪೆಟ್ಟಿಗೆಯೇ ಕೆಡಬಹುದು.

1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರಿದು. ಮೀಟರ್ ಹಿಡಿಯಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಮೊದಲ ಸಲ ಅಂಥವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯಿರಿ. ಪಂಪ್‌ಸೆಟ್ಟಿನ ವೈರು ನೋಡುವುದಕ್ಕೂ ಅದೇ ಮೀಟರ್ ಒದಗುತ್ತದೆ. ಕುಡುಗೋಲು, ಸ್ಪ್ಯಾನರುಗಳ ಜೊತೆಗೆ ಅದೂ ಪ್ರತಿ ರೈತನ ಮನೆಯಲ್ಲಿರಲಿ.